ಜರ್ಮನಿಯಲ್ಲಿ ರೆಸಾರ್ಟ್ ರಾಜಕೀಯ ಯಾಕಿಲ್ಲ?

ಮಂಡ್ಯಕ್ಕೆ ಬಂದಾಗಲೆಲ್ಲ ಯಾರಾದರೂ ಒಬ್ಬರು ಈ ಮಾತು ಹೇಳಿಯೇ ಹೇಳುತ್ತಾರೆ: "ನಿಮ್ಮ ಜರ್ಮನಿಯೋರು ಮರ್ಯಾದಸ್ಥರು ಬಿಡಪ್ಪ. ನಮ್ಮೋರೇ ದುಡ್ಡಿಗೆ ಮಾರ್ಕೊಳ್ಳೋದು." ಹಾಗೆ ಹೇಳುವವರ ತಲೆಯಲ್ಲಿ ಸಾಮಾನ್ಯವಾಗಿ 2019 ಇರುತ್ತದೆ. ಆ ವರ್ಷ ಮೈತ್ರಿ ಸರ್ಕಾರದ ಶಾಸಕರು ರಾಜೀನಾಮೆ ಬರೆದುಕೊಟ್ಟು ಮುಂಬೈ ಹೋಟೆಲ್ ಸೇರಿದರು. ಜುಲೈ 23ರಂದು ವಿಶ್ವಾಸಮತದಲ್ಲಿ 99–105ರಿಂದ ಸರ್ಕಾರ ಬಿತ್ತು. ಸ್ಪೀಕರ್ ಅನರ್ಹಗೊಳಿಸಿದ 17 ಜನರಲ್ಲಿ ನಮ್ಮ ಕೆ.ಆರ್.ಪೇಟೆಯವರೂ ಇದ್ದರು, ಪಕ್ಕದ ಮೈಸೂರು ಜಿಲ್ಲೆಯ ಹುಣಸೂರಿನವರೂ ಇದ್ದರು.

ಸ್ಟುಟ್‌ಗಾರ್ಟ್‌ನಲ್ಲಿ ಬದುಕು ಕಟ್ಟಿಕೊಂಡಿರುವ ನನಗೆ ಈ ಮರ್ಯಾದೆಯ ಲೆಕ್ಕ ಒಪ್ಪಿಗೆಯಿಲ್ಲ. ಅಲ್ಲೂ ಸದಸ್ಯರು ಬಿಕರಿಯಾಗಿದ್ದಾರೆ. 1972ರ ಏಪ್ರಿಲ್‌ನಲ್ಲಿ ಪಶ್ಚಿಮ ಜರ್ಮನಿಯ ಚಾನ್ಸಲರ್ (ನಮ್ಮ ಪ್ರಧಾನಿ ಇದ್ದ ಹಾಗೆ) ವಿಲ್ಲಿ ಬ್ರಾಂಟ್ ಅವರನ್ನು ಇಳಿಸಲು ವಿರೋಧ ಪಕ್ಷ ನಿರ್ಣಯ ತಂದಿತು. ಆಡಳಿತ ಪಕ್ಷದಿಂದ ಒಬ್ಬೊಬ್ಬರೇ ಆ ಕಡೆಗೆ ಜಾರಿದ್ದರು. ಬೇಕಿದ್ದದ್ದು 249 ಮತ, ಬಿದ್ದದ್ದು 247. ಎಲ್ಲರೂ ಬೆರಗಾದರು. ನಿರ್ಣಯಕ್ಕೆ ಮತ ಹಾಕದಿರಲು ವಿರೋಧ ಪಕ್ಷದ ಒಬ್ಬ ಸದಸ್ಯನಿಗೆ ಪೂರ್ವ ಜರ್ಮನಿಯ ಗುಪ್ತಚರ ಸಂಸ್ಥೆ 50,000 ಮಾರ್ಕ್ ಕೊಟ್ಟಿತ್ತು ಅನ್ನುವುದು ಆಮೇಲೆ ಹೊರಬಿತ್ತು. ನಮ್ಮಲ್ಲಿ ಬೇರೆ ಪಕ್ಷ ಕೊಳ್ಳುತ್ತದೆ, ಅಲ್ಲಿ ಬೇರೆ ದೇಶವೇ ಕೊಂಡಿತ್ತು!

ತಮಾಷೆ ಅಂದರೆ ಪಕ್ಷಾಂತರದ ಕಾಯ್ದೆ ಬಿಗಿಯಾಗಿರುವುದು ನಮ್ಮಲ್ಲೇ. 1985ರಿಂದ ವಿಪ್, ಅಂದರೆ ಹೀಗೇ ಮತ ಹಾಕಬೇಕು ಅನ್ನುವ ಪಕ್ಷದ ಆದೇಶ, ಮೀರಿದರೆ ಸದಸ್ಯತ್ವ ಹೋಗುತ್ತದೆ. ಜರ್ಮನ್ ಸಂವಿಧಾನದ 38ನೇ ವಿಧಿ ಸದಸ್ಯರು ತಮ್ಮ ಆತ್ಮಸಾಕ್ಷಿಗೆ ಮಾತ್ರ ಬದ್ಧರು ಅನ್ನುತ್ತದೆ. ಪಕ್ಷ ಬಿಟ್ಟರೂ ಸೀಟು ಉಳಿಯುತ್ತದೆ. ಅವರು ಬೀಗ ಹಾಕಿರುವುದು ಬೇರೆ ಕಡೆ, 67ನೇ ವಿಧಿಯಲ್ಲಿ. ಚಾನ್ಸಲರ್ ಮೇಲೆ ಅವಿಶ್ವಾಸ ತರುವುದಾದರೆ ಅವರ ಜಾಗಕ್ಕೆ ಯಾರು ಅಂತ ಅದೇ ನಿರ್ಣಯದಲ್ಲಿ ಹೇಳಬೇಕು. ಆ ಹೊಸಬರಿಗೆ ಸಂಸತ್ತಿನ ಬಹುಮತ ಬೀಳಬೇಕು. ಬರೀ ಬೀಳಿಸುವುದಕ್ಕೆ ಅವಕಾಶವೇ ಇಲ್ಲ.

ಇದು ಅನುಭವಿಸಿ ಕಲಿತ ಪಾಠ. ಎರಡು ಯುದ್ಧಗಳ ನಡುವೆ ಅಲ್ಲಿ ಸರ್ಕಾರಗಳು ಒಂದರ ಹಿಂದೆ ಒಂದು ಬೀಳುತ್ತಿದ್ದವು. ಎಡ ತುದಿಯವರು, ಬಲ ತುದಿಯವರು ಕೆಡವಲು ಒಂದಾಗುತ್ತಿದ್ದರು, ಕಟ್ಟಲು ಆಗುತ್ತಿರಲಿಲ್ಲ. ಕೊನೆಗೆ ಬಂದವನು ಹಿಟ್ಲರ್. 1949ರಲ್ಲಿ ಹೊಸ ಸಂವಿಧಾನ ಬರೆದವರಿಗೆ ಅದು ಚೆನ್ನಾಗಿ ನೆನಪಿತ್ತು. ಅಲ್ಲಿಂದ ಈಚೆಗೆ ಈ ದಾರಿಯಲ್ಲಿ ಚಾನ್ಸಲರ್ ಬದಲಾದದ್ದು ಒಂದೇ ಸಲ, 1982ರಲ್ಲಿ, ಷ್ಮಿಟ್ ಹೋಗಿ ಕೋಲ್ ಬಂದಾಗ. ಸ್ಪೇನ್ ಕೂಡ ಇದೇ ನಿಯಮ ಇಟ್ಟುಕೊಂಡಿದೆ.

ಮದ್ದೂರು ಕಡೆ ಕಬ್ಬು ಬೆಳೆಯುವ ನನ್ನ ಸೋದರಮಾವನಿಗೆ ಇದನ್ನೆಲ್ಲ ವಿವರಿಸಿದೆ. "ಹೊಸ ಎತ್ತು ಹಿಡ್ಕಂಡ್ ಬಂದು ಆಮ್ಯಾಕೆ ಹಳೇದ ಮಾರು ಅಂತ, ಅಷ್ಟೇ ತಾನೆ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲ ಕಲಾ ಅಳಿಮಯ್ಯ, ನಮ್ಮೋರು ಅವಿಶ್ವಾಸ ಎಲ್ ತಂದ್ರು? ರಾಜೀನಾಮೆ ಬಿಸಾಕ್ಬುಟ್ಟು ಹೋದ್ರಲ್ಲ!"

ಮಾವ ಹೇಳಿದ್ದು ಸರಿ. ನಮ್ಮ ಆಪರೇಷನ್‌ಗೆ ಅವಿಶ್ವಾಸ ನಿರ್ಣಯವೇ ಬೇಡ. ರಾಜೀನಾಮೆ ಕೊಡಿಸು, ಸದನದ ಬಲ ಇಳಿಸು, ಉಪಚುನಾವಣೆಯಲ್ಲಿ ಬೇರೆ ಚಿಹ್ನೆ ಮೇಲೆ ನಿಲ್ಲಿಸು, ಗೆದ್ದರೆ ಮಂತ್ರಿ ಮಾಡು. ಜರ್ಮನ್ ಸಂಸತ್ತಿನಲ್ಲಿ ಈ ಆಟ ನಡೆಯುವುದಿಲ್ಲ, ಯಾಕೆಂದರೆ ಅಲ್ಲಿ ಉಪಚುನಾವಣೆಯೇ ಇಲ್ಲ. ಒಬ್ಬರು ರಾಜೀನಾಮೆ ಕೊಟ್ಟರೆ ಅದೇ ಪಕ್ಷದ ಪಟ್ಟಿಯಲ್ಲಿ ಮುಂದಿನ ಹೆಸರಿನವರು ಬಂದು ಕೂರುತ್ತಾರೆ. ಪಕ್ಷದ ಬಲ ಅಷ್ಟೇ ಇರುತ್ತದೆ. ಖಾಲಿಯಾಗಿ ಉಳಿಯದ ಕುರ್ಚಿಗೆ ಯಾರು ದುಡ್ಡು ಕೊಡುತ್ತಾರೆ?

ಹಾಗಂತ ಅವರ ಪದ್ಧತಿಯನ್ನು ಇಡಿಯಾಗಿ ತಂದು ಇಲ್ಲಿ ನೆಟ್ಟರೆ ಬೇರು ಬಿಡುತ್ತದೆ ಅಂತ ನನಗನಿಸುವುದಿಲ್ಲ. ಅಲ್ಲಿ ಒಬ್ಬೊಬ್ಬರಿಗೂ ಎರಡು ಓಟು. ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಯಾವ ಪಕ್ಷಕ್ಕೆ ಎಷ್ಟು ಸೀಟು ಅನ್ನುವುದು ಪಕ್ಷದ ಓಟಿನ ಮೇಲೆ ನಿಂತಿದೆ. ಹೊಸ ನಿಯಮದ ಪ್ರಕಾರ ಒಟ್ಟು ಸೀಟು 630ಕ್ಕಿಂತ ಜಾಸ್ತಿಯಾಗುವಂತಿಲ್ಲ. ಹಾಗಾಗಿ 2025ರ ಚುನಾವಣೆಯಲ್ಲಿ 23 ಜನ ತಮ್ಮ ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಓಟು ತಗೊಂಡೂ ಸಂಸತ್ತಿಗೆ ಹೋಗಲಾಗಲಿಲ್ಲ. ಮಾವನಿಗೆ ಇದು ಜೀರ್ಣವೇ ಆಗಲಿಲ್ಲ. "ಗೆದ್ದೋನ್ನ ಒಳೀಕೆ ಬುಡಲ್ವಾ? ನಮ್ಮೂರಲ್ಲಾಗಿದ್ರೆ ಹೈವೇ ಬಂದ್ ಆಗ್ತಿತ್ತು!" ಮೈಸೂರು-ಬೆಂಗಳೂರು ರಸ್ತೆ ಬಂದ್ ಮಾಡುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ, ಕಾವೇರಿ ವಿಷಯ ಎದ್ದಾಗಲೆಲ್ಲ ನೋಡಿದ್ದೇವೆ.

ನಮಗೆ ಓಟು ಅಂದರೆ ಒಬ್ಬ ಮನುಷ್ಯ. ಬೆಳಗ್ಗೆ ಏಳಕ್ಕೆ ಶಾಸಕರ ಮನೆ ಮುಂದೆ ಹೋಗಿ ನಿಂತು ನೋಡಿ. ವರ್ಗಾವಣೆಯ ಅರ್ಜಿ, ಆಸ್ಪತ್ರೆ ಬಿಲ್ಲು, ಟ್ರಾನ್ಸ್‌ಫಾರ್ಮರ್ ಸುಟ್ಟುಹೋದ ಊರಿನ ಹತ್ತು ಜನ, ಲಗ್ನಪತ್ರಿಕೆ ಹಿಡಿದ ಗಂಡಹೆಂಡತಿ. ತಿಥಿಗೆ ಬರದ ಶಾಸಕನನ್ನು ಜನ ಮುಂದಿನ ಎಲೆಕ್ಷನ್ ತನಕ ನೆನಪಿಟ್ಟುಕೊಳ್ಳುತ್ತಾರೆ. ನನ್ನ ಜರ್ಮನ್ ಸಹೋದ್ಯೋಗಿಗಳಲ್ಲಿ ಕೆಲವರಿಗೆ ತಮ್ಮ ಸಂಸದರ ಹೆಸರೂ ಗೊತ್ತಿಲ್ಲ.

ಉಪಚುನಾವಣೆಯನ್ನೇ ಕಿತ್ತು ಹಾಕಿದರೆ ಇನ್ನೊಂದು ನಷ್ಟವಿದೆ. 2019ರ ಡಿಸೆಂಬರ್‌ನಲ್ಲಿ ಕೆ.ಆರ್.ಪೇಟೆ, ಹುಣಸೂರು ಎರಡೂ ಕಡೆ ಅದೇ ಅನರ್ಹರು ಹೊಸ ಪಕ್ಷದಿಂದ ನಿಂತರು. ಪೇಟೆಯವರು ಗೆಲ್ಲಿಸಿದರು, ಹುಣಸೂರಿನವರು ಸೋಲಿಸಿದರು. ಹುಣಸೂರಿನ ಮತದಾರ ಅವತ್ತು ಮಾಡಿದ ಕೆಲಸವನ್ನು ಸ್ಟುಟ್‌ಗಾರ್ಟ್‌ನ ಮತದಾರ ನಡುವಿನಲ್ಲಿ ಮಾಡಲಾರ, ನಾಲ್ಕು ವರ್ಷ ಕಾಯಬೇಕು. (ನನಗಂತೂ ಎರಡೂ ಕಡೆ ಕಷ್ಟ. ಅಲ್ಲಿ ನಾನು ವಿದೇಶಿ. ಇಲ್ಲಿ ಓಟು ಹಾಕಲು ವಿಮಾನ ಹತ್ತಿ ಬರಬೇಕು.)

ಹಾಗಾಗಿ ನಾನು ಕೇಳುವುದು ಸ್ವಲ್ಪವೇ. ಒಂದು, ಹೊಸಬರನ್ನು ತೋರಿಸದೆ ಹಳಬರನ್ನು ಇಳಿಸುವಂತಿಲ್ಲ ಅನ್ನುವ ನಿಯಮ. ಇದನ್ನು ನಮ್ಮವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ ಆಯೋಗ 2002ರಲ್ಲೇ ಶಿಫಾರಸು ಮಾಡಿತ್ತು. ಇನ್ನೊಂದು, ಮಂತ್ರಿಗಿರಿಯ ಬಾಗಿಲು. ಅನರ್ಹನಾದವನು ಆ ಅವಧಿ ಮುಗಿಯುವ ತನಕ ಮಂತ್ರಿಯಾಗಬಾರದು ಅಂತ 2003ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ಬಂತು. ಆದರೆ ಜೊತೆಗೇ ಒಂದು ಕಿಂಡಿ ಬಿಟ್ಟರು: ಮತ್ತೆ ಗೆದ್ದರೆ ಆಗಬಹುದು. 2020ರ ಫೆಬ್ರವರಿಯಲ್ಲಿ ಹತ್ತು ಜನ ಅದೇ ಕಿಂಡಿಯಿಂದ ಒಳಗೆ ಬಂದು ಮಂತ್ರಿಗಳಾದರು. ಆ ಒಂದು ಸಾಲು ತೆಗೆದರೆ ಸಾಕು. ಉಪಚುನಾವಣೆ ಇರಲಿ, ಅವರು ನಿಲ್ಲಲಿ, ಜನ ಬೇಕಾದರೆ ಗೆಲ್ಲಿಸಲಿ. ಅವಧಿ ಮುಗಿಯುವ ತನಕ ಬರೀ ಶಾಸಕರಾಗಿ ಕೂರಲಿ. ಅಷ್ಟಕ್ಕೆ ಎಷ್ಟು ಜನ ಮುಂಬೈ ವಿಮಾನ ಹತ್ತುತ್ತಾರೋ ನೋಡೋಣ.