ಮೂಗಿಲ್ಲದ ವ್ಯಾನು, ಅರೆಮೂಗಿನ ವ್ಯಾನು

ಮಾರುತಿಯ ಓಮ್ನಿ ವ್ಯಾನಿಗೆ ಮೂಗಿರಲಿಲ್ಲ, ಅಂದರೆ ಮುಂದೆ ಚಾಚಿದ ಬಾನೆಟ್ಟಿರಲಿಲ್ಲ. ಅದೇ ಮಾರುತಿಯ ಈಕೋಗೆ ಅರ್ಧ ಮೂಗು ಬಂದಿದೆ. ತೀರ್ಥಹಳ್ಳಿಯ ಸುತ್ತಮುತ್ತ ಮನೆಯ ಓಮ್ನಿ ಹೋಗಿ ಈಕೋ ಬಂದವರನ್ನು ಮಾತನಾಡಿಸಿ ನೋಡಿ. ಹೊಸದರ ಹೊಗಳಿಕೆಯೆಲ್ಲ ಮುಗಿದ ಮೇಲೆ ಒಂದು ‘ಆದರೂ...’ ಬಂದೇ ಬರುತ್ತದೆ. ಅದರ ಮುಂದಿನ ಮಾತು ಯಾರ ಬಾಯಿಂದಲೂ ಹೊರಡುವುದಿಲ್ಲ. ಅಷ್ಟರಲ್ಲಿ ಕಾಫಿ ಬಂದಿರುತ್ತದೆ. ಈಗ ನಮ್ಮ ಅಂಗಳದಲ್ಲೂ ಈಕೋ ನಿಂತಿರುವುದರಿಂದ ಆ ‘ಆದರೂ’ ಎಲ್ಲಿದೆ ಎಂದು ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿದೆ.

ಲೆಕ್ಕದಲ್ಲಂತೂ ಅದು ಇಲ್ಲ. ಓಮ್ನಿಯದು 796 ಸಿಸಿಯ, ಮೂರು ಸಿಲಿಂಡರಿನ ಎಂಜಿನ್. ಮಾರುತಿ 800 ಕಾರನ್ನು ಎಳೆದದ್ದೂ ಅಂಥದೇ. ಈಕೋದಲ್ಲಿ ನಾಲ್ಕು ಸಿಲಿಂಡರು, 1200 ಸಿಸಿಗೆ ಕೂದಲೆಳೆಯಷ್ಟು ಕಡಿಮೆ. ಬಲ ಎರಡು ಪಟ್ಟಿಗೂ ಮಿಗಿಲು. ಉಡುಪಿಯಿಂದ ಮರಳುವಾಗ ಸೋಮೇಶ್ವರ ದಾಟಿ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳು ಶುರುವಾದರೆ, ತುಂಬಿದ ಓಮ್ನಿಯಲ್ಲಿದ್ದವರೆಲ್ಲ ಕುಳಿತಲ್ಲೇ ಸ್ವಲ್ಪ ಮುಂದಕ್ಕೆ ಬಾಗುತ್ತಿದ್ದರು. ಬಾಗಿದರೆ ವ್ಯಾನಿಗೆ ಹಗುರವಾಗುತ್ತದೆ ಎಂದು ಯಾರೂ ಕಲಿಸಿರಲಿಲ್ಲ. ಈಕೋದಲ್ಲಿ ಯಾರೂ ಬಾಗುವುದಿಲ್ಲ. ಘಾಟಿ ಬಂದದ್ದು ಗೊತ್ತಾಗುವುದೇ ಕಿವಿ ಕಟ್ಟಿಕೊಂಡಾಗ.

ಮೂಗಿನ ವಿಷಯಕ್ಕೆ ಬರುತ್ತೇನೆ. ಓಮ್ನಿಯಲ್ಲಿ ಮುಂದಿನ ಸೀಟೆಂದರೆ ಮುಂದಿನ ಚಕ್ರದ ನೆತ್ತಿ. ಎಂಜಿನ್ನೂ ಅದೇ ಸೀಟಿನ ಕೆಳಗೆ. ಎದುರಿಗೆ ಒಂದು ಗಾಜು, ಒಂದು ತಗಡು, ಅದರಾಚೆ ರಸ್ತೆ. ಘಾಟಿಯ ತಿರುವಿನಲ್ಲಿ ವ್ಯಾನು ಹೊರಳುವ ಮೊದಲು ನಮ್ಮ ಮೊಣಕಾಲು ಕಣಿವೆಯ ಕಡೆಗೆ ಹೋಗಿ ಬರುತ್ತಿತ್ತು. ಬೇರೆ ಕಾರಿನಲ್ಲಿ ಕುಳಿತವರಿಗೆ ಬಾನೆಟ್ಟಿನ ಮೇಲಿಂದ ಕಾಣುವ ಕಾಡು ನಮಗೆ ಪಾದದ ಬುಡದಿಂದಲೇ ಕಾಣುತ್ತಿತ್ತು. ಇದೇ ಓಮ್ನಿಯ ಸೊಗಸೆಂದು ಹಾಡಿ ಹೊಗಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಎದುರಿನಿಂದ ಏನಾದರೂ ಬಂದು ಬಡಿದರೆ ಆ ಪೆಟ್ಟನ್ನು ತಿನ್ನಲು ಅಲ್ಲಿ ನಮ್ಮ ಕಾಲುಗಳ ಹೊರತು ಬೇರೇನೂ ಇರಲಿಲ್ಲ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಿಂದ ಬಂದು ಆಮೇಲೆ ಓಮ್ನಿಯಾದ ಈ ಗಾಡಿಯ ತಯಾರಿಕೆ 2019ರಲ್ಲಿ ನಿಂತದ್ದೂ ಹೊಸ ಸುರಕ್ಷತಾ ನಿಯಮಗಳಿಗೆ ಅದು ಹೊಂದಲಾರದೆ. 2010ರಲ್ಲೇ ಬಂದು ಒಂಬತ್ತು ವರ್ಷ ಪಕ್ಕದಲ್ಲಿ ಕಾದಿದ್ದ ಈಕೋ ಆ ಜಾಗವನ್ನು ಪೂರ್ತಿ ತುಂಬಿತು. ಅದರ ಅರ್ಧ ಮೂಗು ಅಲಂಕಾರಕ್ಕಲ್ಲ.

ತಮಾಷೆಯೆಂದರೆ ಆ ಅಪಾಯದ ಸೀಟನ್ನು ನಮ್ಮ ಕಡೆ ಮನೆಯ ಅತ್ಯಂತ ಹಿರಿಯರಿಗೆ ಕೊಡುತ್ತಿದ್ದರು. ಕಾರಣ ಕಾವು. ಆಗುಂಬೆಯ ಆಸುಪಾಸಿನಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಆಷಾಢದಲ್ಲಿ ಹಾಸಿಗೆಯೂ ತಣ್ಣಗೆ, ಒಗೆದ ಪಂಚೆಯೂ ತಣ್ಣಗೆ. ಅಂಥ ದಿನಗಳಲ್ಲಿ ಕೆಳಗಿನಿಂದ ಹದವಾಗಿ ಬಿಸಿಯೇರುವ ಸೀಟು ಸಿಕ್ಕರೆ ಸೊಂಟನೋವಿನ ಅಜ್ಜಿಯರು ಶಿವಮೊಗ್ಗದವರೆಗೂ ತುಟಿ ಪಿಟಕ್ಕೆನ್ನದೆ ಬರುತ್ತಿದ್ದರು. ಬೇಸಿಗೆಯಲ್ಲಿ ಅದೇ ಸೀಟನ್ನು ಅಳಿಯಂದಿರಿಗೆ ಬಿಡುತ್ತಿದ್ದರು. ಈಕೋದಲ್ಲೂ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೇ. ಆದರೆ ಕಾವು ಅಷ್ಟು ಮೇಲೇರುವುದಿಲ್ಲ. ಸುಧಾರಣೆಯೇ ಸರಿ, ಅಜ್ಜಿಯರನ್ನು ಕೇಳಿ ಮಾಡಿದ್ದಲ್ಲ.

ಇನ್ನು ನೆಲ. ನಮ್ಮ ಓಮ್ನಿಯ ನೆಲಕ್ಕೆ ಒಂದು ಬಗೆಯ ನೀಲಿ ಬಣ್ಣವಿದೆ, ಕಂಪನಿ ಕೊಟ್ಟದ್ದಲ್ಲ. ಮಳೆಗಾಲದಲ್ಲಿ ಅಡಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಸಬೇಕು: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ನೀಲಿ ಬಣ್ಣದ ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಮೈಲುತುತ್ತದ ಚೀಲ, ಸುಣ್ಣದ ಡಬ್ಬ, ಪೀಪಾಯಿ, ಉದ್ದ ಕೋಲಿನ ದೋಟಿ, ಅಡಕೆ ಮರ ಹತ್ತುವ ಕೊನೆಗಾರನ ಕಂಬಳಿ, ಎಲ್ಲವನ್ನೂ ಹೊತ್ತ ನೆಲ ಅದು. ಮೈಲುತುತ್ತಕ್ಕೆ ಕಬ್ಬಿಣವನ್ನು ತಿನ್ನುವ ಚಟವಿದೆ. ಹೀಗಾಗಿ ಒಂದು ಕಡೆ ತಗಡು ಜರಡಿಯಾಗಿ, ಅಲ್ಲಿ ರಬ್ಬರ್ ಮ್ಯಾಟಿನಡಿ ಹಲಗೆಯ ತುಂಡೊಂದು ಕುಳಿತಿದೆ. ಈಕೋದ ನೆಲಕ್ಕೆ ಮೈಲುತುತ್ತ ತೋರಿಸುವಂತಿಲ್ಲ. ಅಡಕೆ ಮಂಡಿಯಿಂದ ಬರುವವರೂ ಕಾಲು ಕೊಡವಿಯೇ ಹತ್ತಬೇಕು. ವಾಹನ ಕೆಲಸದಾಳಾಗಿದ್ದು ಹೋಗಿ ನೆಂಟನಾಗಿದೆ.

ಆದರೂ ಆ ‘ಆದರೂ’ ಇದಲ್ಲ. ನನಗೆ ಸಿಕ್ಕ ಉತ್ತರ ಹಿಂದಿನ ಸೀಟುಗಳಲ್ಲಿದೆ. ನಮ್ಮದು ಎಂಟು ಸೀಟಿನ ಓಮ್ನಿ. ನಡುವಿನ ಸಾಲು ಚಾಲಕನಿಗೆ ಬೆನ್ನು ಹಾಕಿ ಹಿಂದಿನ ಸಾಲಿಗೆ ಮುಖ ಮಾಡಿರುತ್ತದೆ. ಚಕ್ರಗಳ ಮೇಲಿಟ್ಟ ಜಗಲಿ ಅದು. ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ಹೊಸನಗರದ ಮದುವೆಗೆ ಹೊರಟರೆ, ಹುಡುಗಿಯ ಕಡೆಯವರ ತೋಟ ಎಷ್ಟೆಕರೆ ಎಂಬುದರಿಂದ ಹಿಡಿದು ಕಳೆದ ಸಲದ ಊಟದ ಹೋಳಿಗೆಗೆ ತುಪ್ಪ ಸಾಲದೆ ಬಂದದ್ದರವರೆಗೆ ಎಲ್ಲವೂ ತೀರ್ಮಾನವಾಗುತ್ತಿತ್ತು. ಶಿವಮೊಗ್ಗಕ್ಕೆ ಹೋಗುವಾಗ ಮುನಿಸಿಕೊಂಡ ಇಬ್ಬರನ್ನು ಎದುರುಬದುರು ಕೂರಿಸಿದರೆ ದಾರಿಯ ಮಂಡಗದ್ದೆ ಬರುವಷ್ಟರಲ್ಲಿ ಒಬ್ಬರು ಮಾತನಾಡಲೇಬೇಕಿತ್ತು. ನೋಡಲು ಬೇರೆ ಮುಖ ಎಲ್ಲಿದೆ? ಹಿಮ್ಮುಖವಾಗಿ ಕುಳಿತ ಮಕ್ಕಳಿಗೆ ಘಾಟಿಯಲ್ಲಿ ವಾಂತಿಯಾಗುತ್ತಿತ್ತು ಎಂಬುದೂ ನಿಜ. ಆಗ ಎದುರಿನವರು ನಿಂಬೆಹಣ್ಣು ಮೂಸಿಸುತ್ತಿದ್ದರು, ತಮ್ಮ ಸೀರೆಯ ನೆರಿಗೆಯನ್ನು ಬೇಗ ಬೇಗ ಒಳಗೆಳೆದುಕೊಂಡು.

ಈಕೋದಲ್ಲಿ ಏಳು ಜನ ಕುಳಿತರೂ ಏಳೂ ಮುಖಗಳು ರಸ್ತೆಯ ಕಡೆಗೆ. ಹಿಂದಿನವರಿಗೆ ಕಾಣುವುದು ಮುಂದಿನವರ ತುರುಬು. ಬೆಲ್ಟು ಕಟ್ಟಿಕೊಂಡು ಅಚ್ಚುಕಟ್ಟಾಗಿ ಹೋಗುತ್ತೇವೆ, ಎಲ್ಲರೂ ಮೊಬೈಲ್ ನೋಡುತ್ತೇವೆ. ಇದೇ ಸರಿಯಾದ ಕ್ರಮ. ಮಕ್ಕಳನ್ನು ಕೂರಿಸುವಾಗ ನಾನೂ ಇದನ್ನೇ ಆರಿಸುತ್ತೇನೆ, ಎರಡನೆಯ ಯೋಚನೆಯಿಲ್ಲದೆ.

ಓಮ್ನಿಯನ್ನು ಅಪ್ಪ ಇನ್ನೂ ಮಾರಿಲ್ಲ. ಹದಿನೈದು ವರ್ಷ ತುಂಬಿದಾಗ ಎಫ್‌ಸಿ (ಗಾಡಿ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ) ಮಾಡಿಸಿ, ಹಸಿರು ತೆರಿಗೆ ಕಟ್ಟಿ, ನೋಂದಣಿಯನ್ನು ಮುಂದುವರಿಸಿದರು. ಯಾಕೆ ಎಂದರೆ, ಮೈಲುತುತ್ತ ತರುವುದಕ್ಕೆ ಒಂದು ಗಾಡಿ ಬೇಡವೇ ಎಂದು ನಮ್ಮನ್ನೇ ಗದರುತ್ತಾರೆ. ಹಾಗಿದ್ದರೆ ಪೀಪಾಯಿಗೆ ಜಾಗವಾಗುವಂತೆ ಆ ನಡುವಿನ ಸೀಟನ್ನು ಬಿಚ್ಚಿಸಿಬಿಡೋಣ ಎಂದು ಈ ಸಲ ಹೇಳಿದೆ. ಬಿಚ್ಚುವುದು ಬೇಡ, ಮಡಚಿದರೆ ಸಾಕು ಎಂದರು.