ಸತ್ಯಾಂಶ: ಜೀನೋಟೈಪ್ 3 ಅಂದರೆ ಮೂರನೇ ಹಂತ ಅಲ್ಲ

“ಹೆಪಟೈಟಿಸ್ ಸಿ ರಿಪೋರ್ಟಿನಲ್ಲಿ ಜೀನೋಟೈಪ್ 3 ಅಂತ ಇದ್ದರೆ ಲಿವರ್ ಮೂರನೇ ಹಂತಕ್ಕೆ ಹೋಗಿದೆ, ಔಷಧಿ ಇಲ್ಲ” ಎಂಬ ಸಂದೇಶ ಕುಂಬಳೆ, ಬದಿಯಡ್ಕ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಆ ಅಂಕಿ ವೈರಸ್‌ನ ತಳಿ ಯಾವುದು ಅಂತ ಹೇಳುತ್ತದೆ, ಅಷ್ಟೇ. ಒಟ್ಟು 8 ತಳಿಗಳಿವೆ. ಭಾರತದಲ್ಲಿ ಜಾಸ್ತಿ ಕಾಣುವುದೇ 3, ಆಮೇಲೆ 1. ಲಿವರ್ ಎಷ್ಟು ಹಾಳಾಗಿದೆ ಅಂತ ತಿಳಿಯಲು ಫೈಬ್ರೊಸ್ಕ್ಯಾನ್‌ನಂಥ ಬೇರೆ ಪರೀಕ್ಷೆ ಬೇಕು.

ಔಷಧಿಯೂ ಇದೆ. ಸೋಫೋಸ್ಬುವಿರ್, ವೆಲ್ಪಟಾಸ್ವಿರ್ ಸೇರಿದ ಮಾತ್ರೆ ದಿನಕ್ಕೊಂದು, ಸಾಮಾನ್ಯವಾಗಿ 12 ವಾರ. ನೂರರಲ್ಲಿ 90ಕ್ಕಿಂತ ಹೆಚ್ಚು ಜನ ಗುಣವಾಗುತ್ತಾರೆ, ತಳಿ 3 ಇದ್ದವರೂ ಸೇರಿ. ಸಿರೋಸಿಸ್ (ಲಿವರ್ ಗಾಯಗಟ್ಟಿ ಗಡುಸಾಗುವುದು) ಆಗಿದ್ದರೆ ಚಿಕಿತ್ಸೆ ಬದಲಾಗಬಹುದು. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ನೆಲನೆಲ್ಲಿ ಕಷಾಯ ಕುಡಿದು ಸುಮ್ನೆ ಕಾಯಬೇಡಿ. ಈ ವೈರಸ್ ಅದರಿಂದ ಹೋಗುವುದಿಲ್ಲ.