ಸ್ಪಷ್ಟನೆ: ‘ಮಿಸ್ಸಿಸಿಪ್ಪಿ ಬರ್ನಿಂಗ್’ ಚಿತ್ರವನ್ನು ವಿರೋಧಿಸಿದವರು ಯಾರು?

ಅಮೆರಿಕದ ಮಿಸ್ಸಿಸಿಪ್ಪಿ ರಾಜ್ಯದಲ್ಲಿ ನಡೆದ ಮೂವರು ನಾಗರಿಕ ಹಕ್ಕು ಕಾರ್ಯಕರ್ತರ ಕೊಲೆಯನ್ನು ಆಧರಿಸಿ 1988ರಲ್ಲಿ ತೆರೆಕಂಡ ಅಲನ್ ಪಾರ್ಕರ್ ನಿರ್ದೇಶನದ ‘ಮಿಸ್ಸಿಸಿಪ್ಪಿ ಬರ್ನಿಂಗ್’ ನಡೆದದ್ದನ್ನು ನಡೆದಂತೆಯೇ ತೋರಿಸಿದೆ, ಅದಕ್ಕೆ ಮುಖ ಸಿಂಡರಿಸಿದವರು ಅಮೆರಿಕದ ದಕ್ಷಿಣ ರಾಜ್ಯಗಳ ಬಿಳಿಯರು ಮಾತ್ರ ಎಂಬ ಮಾತು ಹರಿದಾಡುತ್ತಿದೆ. ಇವೆರಡೂ ಸರಿಯಲ್ಲ.

ಚಿತ್ರದ ವಿರುದ್ಧ ಬಲವಾದ ಆಕ್ಷೇಪ ಬಂದದ್ದು ಕಪ್ಪು ಜನರ ಸಮಾನತೆಗಾಗಿ ನಡೆದ ನಾಗರಿಕ ಹಕ್ಕುಗಳ ಚಳವಳಿಯ ಪಾಳಯದಿಂದಲೇ. ಮಾರ್ಟಿನ್ ಲೂಥರ್ ಕಿಂಗ್ ಅವರ ಪತ್ನಿ ಕೊರೆಟ್ಟಾ ಸ್ಕಾಟ್ ಕಿಂಗ್ ಕೂಡ ಟೀಕಿಸಿದವರಲ್ಲಿ ಒಬ್ಬರು. ಪ್ರಾಣ ಪಣಕ್ಕಿಟ್ಟು ಹೋರಾಡಿದ ಕಪ್ಪು ಜನರನ್ನು ಮೂಕ ಸಂತ್ರಸ್ತರಂತೆ ಹಿನ್ನೆಲೆಗೆ ಸರಿಸಿ, ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐನ ಇಬ್ಬರು ಬಿಳಿಯ ಅಧಿಕಾರಿಗಳನ್ನು ನಾಯಕರನ್ನಾಗಿಸಿದ್ದು ಅವರ ಮುಖ್ಯ ತಕರಾರಾಗಿತ್ತು. ಅದೇ ಎಫ್‌ಬಿಐ ಆ ವರ್ಷಗಳಲ್ಲಿ ಕಿಂಗ್ ಅವರ ದೂರವಾಣಿಯನ್ನು ಕದ್ದಾಲಿಸುತ್ತಿತ್ತು ಎಂಬುದನ್ನು ನೆನೆದರೆ ಆ ಸಿಟ್ಟು ಅರ್ಥವಾಗುತ್ತದೆ.

ಚಿತ್ರಕ್ಕೆ ಆಧಾರವಾದದ್ದು 1964ರ ಜೂನ್ 21ರಂದು ಮಿಸ್ಸಿಸಿಪ್ಪಿಯ ನೆಶೋಬಾ ಕೌಂಟಿಯಲ್ಲಿ ನಡೆದ ಕಾರ್ಯಕರ್ತರಾದ ಜೇಮ್ಸ್ ಚೇನಿ, ಆಂಡ್ರ್ಯೂ ಗುಡ್‌ಮನ್ ಮತ್ತು ಮೈಕೆಲ್ ಶ್ವೆರ್ನರ್ ಅವರ ಕೊಲೆ. ಅಂದು ಕಾರು ಓಡಿಸುತ್ತಿದ್ದವರು ಕಪ್ಪು ಯುವಕ ಚೇನಿ; ಚಿತ್ರದಲ್ಲಿ ಮಾತ್ರ ಬಿಳಿಯನೊಬ್ಬ ಸ್ಟಿಯರಿಂಗ್ ಹಿಡಿದಿದ್ದಾನೆ, ಕಪ್ಪು ಯುವಕ ಪ್ರಯಾಣಿಕನಾಗಿದ್ದಾನೆ. ಸಣ್ಣ ಬದಲಾವಣೆಯೆನಿಸಿದರೂ ಟೀಕಾಕಾರರ ವಾದವೆಲ್ಲ ಈ ಒಂದು ದೃಶ್ಯದಲ್ಲೇ ಅಡಗಿದೆ ಎನ್ನಬಹುದು. ತನಿಖಾಧಿಕಾರಿಗಳ ಪಾತ್ರಗಳೂ ಕಾಲ್ಪನಿಕವೇ.

ಹಾಗೆಂದು ಚಿತ್ರವನ್ನು ಎಲ್ಲರೂ ತಳ್ಳಿಹಾಕಿದರೆಂಬ ತದ್ವಿರುದ್ಧ ವಾದವೂ ನಿಲ್ಲುವುದಿಲ್ಲ. ವಿಮರ್ಶಕ ರೋಜರ್ ಈಬರ್ಟ್ ಅದನ್ನು ಆ ವರ್ಷದ ಅತ್ಯುತ್ತಮ ಚಿತ್ರವೆಂದು ಕರೆದರು. ಛಾಯಾಗ್ರಹಣಕ್ಕೆ ಆಸ್ಕರ್ ದೊರೆಯಿತು.

ಇನ್ನು, ಅಪರಾಧಿಗಳಿಗೆಲ್ಲ ಕೂಡಲೇ ಶಿಕ್ಷೆಯಾಯಿತೆಂಬ ನಂಬಿಕೆಯೂ ತಪ್ಪು: 1967ರಲ್ಲಿ ಏಳು ಮಂದಿ ದೋಷಿಗಳೆಂದು ಸಾಬೀತಾದದ್ದು ಆ ಮೂವರ ನಾಗರಿಕ ಹಕ್ಕುಗಳ ಉಲ್ಲಂಘನೆಯ ಸಂಚಿಗಾಗಿ, ಕೊಲೆಗಾಗಿ ಅಲ್ಲ. ಕೊಲೆಯ ಸಂಚು ರೂಪಿಸಿದ ಎಡ್ಗರ್ ರೇ ಕಿಲೆನ್ ನರಹತ್ಯೆಯ ದೋಷಿಯೆಂದು ತೀರ್ಪಾದದ್ದು 2005ರಲ್ಲಿ.